ಯಾರೂ ಓದದ ಕೋಡ್

ಜೂನ್ ೧೪, ಶುಕ್ರವಾರ. ಬೊರಿವಲಿ

ವಿಕ್ರಂ ನಮ್ಮೆಲ್ಲರ ಬರಹವನ್ನು ಕದ್ದು ತೆಗೆದುಕೊಳ್ಳುತ್ತಿದ್ದಾನೆ. ನನಗೆ ಕೋಡ್ ಕಲಿಸಿದ ವಿಕ್ರಂ. ಬರೆದ ಮೇಲೂ ನಂಬಲಾಗುತ್ತಿಲ್ಲ.

ಅವನು ಮಾಡಿದ ಕನ್ನಡ ಟೈಪಿಂಗ್ ತಂತ್ರಾಂಶ ಲಿನಕ್ಸಿನಲ್ಲಿ ಮಾತ್ರ ಓಡುತ್ತದೆ. ಸಾಂತಾಕ್ರೂಜ್ ಹೋಟೆಲ್ ಕಾರ್ಮಿಕರ ಸಂಘದಲ್ಲಿ ಅದನ್ನೇ ಬಳಸುವ ವಿನೋದಿನಿ ಅಕ್ಕ, ಮನೆಯ ವಿಂಡೋಸಿಗೂ ಬೇಕೆಂದರು. ಸಂಜೆ ಅದರ ಕೋಡನ್ನು ವಿಂಡೋಸಿನಲ್ಲಿ ಓಡುವಂತೆ ಕಂಪೈಲ್ ಮಾಡಲು ಕೂತೆ. ಒಂದೇ ಫೈಲಿನಲ್ಲಿ ಮತ್ತೆ ಮತ್ತೆ ನಿಂತುಹೋಯಿತು. ಇಂಟರ್ನೆಟ್ಟಿಗೆ ಸಂಬಂಧಿಸಿದ ಫೈಲು. ಟೈಪಿಂಗಿಗೆ ಇಂಟರ್ನೆಟ್ ಯಾಕೆ? ತೆರೆದು ಓದಿದೆ. ಟೈಪ್ ಮಾಡಿದ ಪ್ರತಿ ಸಾಲೂ ವಿಕ್ರಂನ ಕಂಪ್ಯೂಟರಿಗೆ ಹೋಗುತ್ತಿದೆ. ಮಾಲೀಕರ ಮೇಲಿನ ದೂರುಗಳೂ, ಕೊಟ್ಟ ಹೋಟೆಲ್ ಹುಡುಗರ ಹೆಸರು ಸಮೇತ.

ಫೋನ್ ಮಾಡಿದರೆ ನಕ್ಕ. “ಅರೇ ಯಾರ್, ಟೈಪಿಂಗಲ್ಲಿ ತಪ್ಪು ಎಲ್ಲಿ ಬರುತ್ತೆ ನೋಡೋಕೆ ಹಾಕಿದ್ದು. ಕೋಡ್ ಎರಡು ವರ್ಷದಿಂದ ಇಂಟರ್ನೆಟ್ಟಲ್ಲಿ ಎಲ್ಲರ ಎದುರಿಗೇ ಇದೆ. ನೀನ್ಯಾಕೆ ಓದಲಿಲ್ಲ?”

‘ಇದರಲ್ಲಿ ಗುಟ್ಟಿಲ್ಲ, ಕೋಡ್ ಯಾರು ಬೇಕಾದರೂ ಓದಬಹುದು’ ಎಂದು ಈ ತಂತ್ರಾಂಶದ ಬಗ್ಗೆ ಗೋರೆಗಾಂವ್ ಸ್ಟೇಷನ್ನಿನಲ್ಲಿ ಕರಪತ್ರ ಹಂಚಿದವಳು ನಾನೇ. ಒಂದು ದಿನವೂ ತೆರೆದು ನೋಡಿರಲಿಲ್ಲ.

“ಸದ್ದಿಲ್ಲದೆ ತೆಗೆದುಬಿಡ್ತೀನಿ, ಬಿಡು” ಅಂದ.

ಬಿಡಲಿಲ್ಲ. ವಿನೋದಿನಿ ಅಕ್ಕನಿಗೆ ಫೋನ್ ಮಾಡಿ ಹೇಳಿಯೇಬಿಟ್ಟೆ. ಅಕ್ಕ ಕೇಳಿದರು, “ಅದು ಮಾಲೀಕರ ಕೈಗೆ ಸಿಕ್ಕಿ ಆ ಮಕ್ಕಳ ಕೆಲಸ ಹೋದ್ರೆ ಬೇರೆ ಯಾರು ಕೊಡುದು ಮಾರಾಯ್ತಿ? ಅವನನ್ನು ಕರ್ಕೊಂಡು ಬಾ. ಆ ಮಕ್ಕಳ ಎದುರು ಅವನೂ ಹೇಳ್ಲಿ, ನೀನೂ ಹೇಳು.”

ನಾನೂ. ಓದದೆಯೇ ಹಂಚಿದೆ ಎಂದು. ವಿಕ್ರಂಗೆ ಮೆಸೇಜ್ ಹಾಕಿದೆ. ಊಟದ ಗಿರಾಕಿ ಮುಗಿದು ಹುಡುಗರಿಗೆ ಬಿಡುವಾಗುವ ಹೊತ್ತಿಗೆ, ಸಂಘದ ಆಫೀಸಿನಲ್ಲಿ, ಸೋಮವಾರ ಮಧ್ಯಾಹ್ನ ಮೂರೂವರೆಗೆ ಬಾ ಎಂದು.