ವಿರುದ್ಧ ಎತ್ತಿದ ಒಂದೇ ಕೈ

ಸೋಮವಾರ, ಏಪ್ರಿಲ್ 6, 1964. ಸಂಜೆ

ಮತ್ತೆ ಮೇಯರ್ ಆಫೀಸು. ಮತ್ತೆ ಅದೇ ಬೆಂಚು. ಬಿಳಿಯರೆಲ್ಲ ಒಳಗೆ ಹೋಗಿ ಬಂದ ಮೇಲೆ ಕರಿಯನಾದ ನನ್ನ ಸರದಿ. ಕೂತು ಕೂತು ಭಾನುವಾರ ಚರ್ಚಿನಲ್ಲಿ ಹೇಳಬೇಕಾದ ಪ್ರಸಂಗ ಅರ್ಧ ತಯಾರಾಯಿತು. ಅಷ್ಟಾದರೂ ಲಾಭ.

ಒಳಗೆ ಹೋದರೆ ಮೇಯರ್, "ಏನಯ್ಯಾ ಲೆಮ್ಯುಯೆಲ್, ಏನ್ ಬೇಕಿತ್ತು?" ಅಂದ. ನನಗಿಂತ ಹತ್ತು ವರ್ಷ ಚಿಕ್ಕವನು. ರೆವರೆಂಡ್ ಹಾಳಾಗಲಿ, ಮಿಸ್ಟರ್ ಟಾರ್ವರ್ ಅನ್ನಲಿಕ್ಕೂ ಇವರ ನಾಲಿಗೆ ಹೊರಳುವುದಿಲ್ಲ. ನಾನು ಮಾತ್ರ ಸರ್ ಅನ್ನಬೇಕು. ಅಂದೆ. ಪರವಾನಗಿ ಬೇಕಿತ್ತು.

ಸಿಕ್ಕಿತು. 27ನೇ ತಾರೀಕು ನಮ್ಮ ಮೌಂಟ್ ನೆಬೋ ಚರ್ಚಿನಿಂದ ಕೋರ್ಟಿನವರೆಗೆ ಮೆರವಣಿಗೆಯಲ್ಲಿ ಹೋಗಿ, ಮತದಾರರ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳಬಹುದು. ಒಂದೇ ಷರತ್ತು — ಇವತ್ತಿನಿಂದಲೇ ನಮ್ಮವರಲ್ಲಿ ಯಾರ ಕೈಯಲ್ಲೂ ಆಯುಧ ಇರಕೂಡದು. ಇದ್ದದ್ದು ಗೊತ್ತಾದರೆ ಪರವಾನಗಿ ರದ್ದು. ಪೇಪರಿನವನೂ ಅಲ್ಲೇ ಇದ್ದ. ನಮ್ಮಲ್ಲಿ ಒಂದು ಚಾಕೂ ಇಲ್ಲ ಎಂದು ಅವನೆದುರೇ ಮಾತು ಕೊಟ್ಟೆ. ಹೆಮ್ಮೆಯಿಂದಲೇ ಕೊಟ್ಟೆ.

ಇನ್ನು ನಮ್ಮವರು ಬರಬೇಕು. ಅದೇ ತಲೆನೋವು. ಭಾನುವಾರ ನಾನು ಬಾಯಿ ತೆರೆದರೆ ಸಾಕು, ಆಮೆನ್ ಎಂದು ಚಾವಣಿ ಹಾರಿಸುತ್ತಾರೆ. ಹೋದ ತಿಂಗಳು ಕೋರ್ಟಿಗೆ ಬನ್ನಿ ಎಂದು ಕರೆದರೆ ಬಂದವರು ಐದೇ ಜನ. ಅದರಲ್ಲೊಬ್ಬ ತೆರಿಗೆ ಕಟ್ಟಲು ಬಂದವನು, ಸಾಲು ತಪ್ಪಿ ನಿಂತಿದ್ದ.

ಬುಧವಾರ, ಏಪ್ರಿಲ್ 8. ಬೆಳಿಗ್ಗೆ

ತಲೆ ಕೆಟ್ಟಿದೆ.

ಇವತ್ತು ಬೇಗ ಎಚ್ಚರವಾಯಿತು. ಹಾಲಿನ ಬಾಟಲಿ ತರಲು ಬಾಗಿಲು ತೆಗೆದರೆ ನಮ್ಮ ಜಗುಲಿಯ ಮೇಲೆ ಐಸಮ್ ಬೈನಮ್. ಕಾಲಿಗೆ ಕಂಬಳಿ. ತೊಡೆಯ ಮೇಲೆ ಜೋಡುನಳಿಗೆ ಬಂದೂಕು. ಐಸಮ್ ನಮ್ಮ ಚರ್ಚ್ ಸಭೆಯ ಕೆಲಸ ನೋಡಿಕೊಳ್ಳುವ ಹಿರಿಯ ಡೀಕನ್. ಎಪ್ಪತ್ತರ ಹತ್ತಿರ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಬಂದವನು, ಆಮೇಲೆ ಜೀವಮಾನವೆಲ್ಲ ರೈಲು ಹಳಿ ಹಾಕಿದವನು.

"ಎದ್ರಾ ಪಾಸ್ಟ್ರೇ? ಕಾಫಿ ಆಗಿದ್ಯಾ ಅಂತ ಒಳಗೆ ಒಂದ್ ಮಾತು ಕೇಳಿ."

"ಇದೇನು ಐಸಮ್?"

"ಇದಾ? ಬಂದೂಕು."

ಮಾರ್ಚಿನಲ್ಲಿ ಯಾರೋ ನಮ್ಮ ನಡುಮನೆಯ ಕಿಟಕಿಗೆ ಗುಂಡು ಹೊಡೆದರಲ್ಲ, ಅವತ್ತಿನಿಂದ ದಿನವೂ ಕಾವಲಂತೆ. ನಾನು ಮಲಗಿದ ಮೇಲೆ ಬರುವುದು, ಏಳುವ ಮೊದಲು ಹೋಗುವುದು. ಊರಿಗೆಲ್ಲ ಗೊತ್ತು. ವರ್ಡೆಲ್‌ಗೂ ಗೊತ್ತು. ಉಳಿದ ಜೋಳದ ಬ್ರೆಡ್ಡು ಬೆಳಗಾಗುವುದರೊಳಗೆ ಎಲ್ಲಿ ಹೋಗುತ್ತದೆ ಎಂದು ಕೇಳಿದರೆ ಇಲಿ ಎಂದಿದ್ದಳು. ನನ್ನ ಹೆಂಡತಿ.

ನಾನು ಯೇಸುವಿನ ಶಿಷ್ಯ ಪೇತ್ರನ ಕಥೆ ತೆಗೆದೆ. ಯೇಸುವನ್ನು ಹಿಡಿಯಲು ಬಂದವನ ಕಿವಿಯನ್ನು ಪೇತ್ರ ಕತ್ತರಿಸಿದಾಗ, ಕತ್ತಿಯನ್ನು ಒರೆಗೆ ಹಾಕು ಎಂದನಲ್ಲವೇ ಕರ್ತ?

ಮುದುಕ ತಲೆ ಕೆರೆದುಕೊಂಡ. "ಅಂದ್ರೆ ಪೇತ್ರನ ಹತ್ರ ಕತ್ತಿ ಇತ್ತು ಅಂತ ಆಯ್ತಲ್ಲ. ಮೂರು ವರ್ಷ ಸೊಂಟಕ್ಕೆ ಕಟ್ಕೊಂಡೇ ಹಿಂದೆ ಹಿಂದೆ ತಿರುಗಿದ. ಅವತ್ತಿನ ತನಕ ಯೇಸು ಏನಾದ್ರೂ ಅಂದನಾ?"

ಬಂದೂಕು ಮನೆಗೆ ಒಯ್ಯಿರಿ ಎಂದೆ. ಆಗಲಿ ಎಂದು ಒಯ್ದ. ಬೆಳಗಾಗಿತ್ತು, ಹೇಗೂ ಹೊರಡುವವನೇ.

ಗುರುವಾರ, ಏಪ್ರಿಲ್ 9

ಮತ್ತೆ ಬಂದಿದ್ದ.

ವರ್ಡೆಲ್ ಜೊತೆ ಜಗಳ. ನಾನು ಮೇಯರ್‌ಗೆ ಕೊಟ್ಟ ಮಾತು ಏನಾಗಬೇಕು ಎಂದೆ. "ನೀವು ಕೊಟ್ಟಿದ್ದು ನಿಮ್ಮ ಮಾತು. ನನ್ನ ಕಿಟಕೀನ ಯಾಕೆ ಕೊಟ್ರಿ?" ಅಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳ ಮುಖದಲ್ಲೇ ಬರೆದಿತ್ತು.

ಅವಳಿಗೆ ಗೊತ್ತು ನನಗೇಕೆ ಬಂದೂಕು ಆಗದೆಂದು. ಆದರೂ ಹೇಳಿದೆ. ನನ್ನ ಅಪ್ಪ ಬಾಗಿಲಲ್ಲಿ ಬಂದೂಕು ಹಿಡಿದು ನಿಂತಿದ್ದ. ಹಾರಿಸಲಿಲ್ಲ, ನಿಂತಿದ್ದ ಅಷ್ಟೇ. ಬಂದಿದ್ದ ಬಿಳಿಯರ ಗುಂಪಿಗೆ ಅಷ್ಟು ನೆಪ ಸಾಕಾಯಿತು. ಮನೆ ಸುಟ್ಟರು. ಅಪ್ಪನನ್ನು ಗುರುತು ಹಿಡಿಯಲು ಅವ್ವನಿಗೆ ಬೆಲ್ಟಿನ ಬಕಲ್ ಒಂದೇ ಸಿಕ್ಕಿತು.

ಆದರೆ ಭಯವೊಂದೇ ಕಾರಣವಲ್ಲ. ಇದನ್ನು ಇಲ್ಲಿಯಾದರೂ ಸರಿಯಾಗಿ ಬರೆಯುತ್ತೇನೆ. ನನ್ನನ್ನು ಹೊಡೆಯಲು ಬರುವವನೂ ದೇವರ ರೂಪದಲ್ಲೇ ಆದವನು. ಅವನಿಗೆ ಅದು ಮರೆತಿದೆ. ನಾನೂ ಮರೆತರೆ ನೆನಪಿಟ್ಟುಕೊಳ್ಳಲು ಯಾರೂ ಉಳಿಯುವುದಿಲ್ಲ. ನಾವೂ ಅವರೂ ಸಮ ಎಂದು ನಾನು ಕೂಗುವುದು ಈ ಒಂದು ನಂಬಿಕೆಯ ಮೇಲೆ ನಿಂತು. ಅದನ್ನೇ ಜಗುಲಿಯ ಮೇಲೆ ಒತ್ತೆ ಇಟ್ಟರೆ ಕೋರ್ಟಿನ ಮುಂದೆ ಏನು ಕೂಗಲಿ?

ವರ್ಡೆಲ್ ಎಲ್ಲ ಕೇಳಿ, "ನಿಮ್ಮಪ್ಪ ಒಬ್ರೇ ನಿಂತಿದ್ರು ಲೆಮ್," ಅಂದಳು. ದೀಪ ಆರಿಸಿದಳು.

ಭಾನುವಾರ, ಏಪ್ರಿಲ್ 12

ಪ್ರಸಂಗ ಪೀಠದಿಂದಲೇ ಹೇಳಿಬಿಟ್ಟೆ. ನನ್ನ ಮನೆಯ ಮುಂದೆ ಆಯುಧ ಹಿಡಿದವನು ಈ ಚಳವಳಿಯವನಲ್ಲ ಎಂದೆ. ಆಮೆನ್ ಬರಲಿಲ್ಲ. ಬೀಸಣಿಗೆಗಳ ಸದ್ದಷ್ಟೇ.

ಆಗ ಎದ್ದರು ಮದರ್ ಲೂಡಿ. ಸಭೆಯ ತಾಯಿ ಎಂದು ಎಲ್ಲರೂ ಕರೆಯುವ ಹಿರಿಯೆ. ಬಿಳಿ ಉಡುಪು, ಬಿಳಿ ಟೋಪಿ. ವಾರದ ದಿನಗಳಲ್ಲಿ ಕೌಂಟಿ ಜಡ್ಜನ ಮನೆಯ ಅಡುಗೆಯವರು. ಅವನ ಮಕ್ಕಳನ್ನೆಲ್ಲ ಎತ್ತಿ ಆಡಿಸಿದವರು. "ಪಾಸ್ಟ್ರೇ, ಇದು ಸಭೇಲಿ ಮಾತಾಡೋ ವಿಷ್ಯ. ಬುಧವಾರ ಸಭೆ ಕರೀಬೇಕು ಅಂತ ನಾನು ಸೂಚಿಸ್ತೀನಿ."

ಹಿಂದಿನ ಬೆಂಚಿನಿಂದ ಅನುಮೋದನೆ ಬಂತು. ಸೂಚನೆ, ಅನುಮೋದನೆ, ಕೈ ಎತ್ತುವುದು — ಎಲ್ಲ ನಾನೇ ಕಲಿಸಿದ್ದು. ಮಂಗಳವಾರದ ನಾಗರಿಕ ಪಾಠದಲ್ಲಿ. ಮತ ಹಾಕುವ ದಿನ ಬಂದಾಗ ಕೈ ನಡುಗಬಾರದು ಎಂದು.

ಬುಧವಾರ, ಏಪ್ರಿಲ್ 15. ಸಭೆ ಮುಗಿಸಿ ಬಂದು

ಸೋತೆ.

ಪ್ರಶ್ನೆ — ಪಾಸ್ಟರ್ ಮನೆಗೆ ಸಭೆಯ ವತಿಯಿಂದ ಬಂದೂಕಿನ ಕಾವಲು ಇರಬೇಕೋ ಬೇಡವೋ. ಅಧ್ಯಕ್ಷ ನಾನೇ. ಪರವಾಗಿರುವವರು ಕೈ ಎತ್ತಿ ಎಂದೆ. ಕಾಡು ಎದ್ದಂತೆ ಎದ್ದವು. ಮೊದಲನೇ ಸಾಲಿನಲ್ಲಿ ವರ್ಡೆಲ್, ಕೈಗವಸು ಹಾಕಿದ ಕೈ, ಎಲ್ಲರಿಗಿಂತ ಎತ್ತರಕ್ಕೆ. ವಿರುದ್ಧ? ನಾನೊಬ್ಬನೇ. ಕೈ ಎತ್ತಿ ಸುತ್ತ ನೋಡಿದೆ. ಕಾಯಿರ್‌ನ ಹಾಡುಗಾರರು ನೆಲ ನೋಡುತ್ತಿದ್ದರು. ಒಬ್ಬ ಹುಡುಗಿಗೆ ನಗು ತಡೆಯಲಾಗಲಿಲ್ಲ.

ಗುರುವಿಗೇ ತಿರುಮಂತ್ರ. ನಮ್ಮ ಬ್ಯಾಪ್ಟಿಸ್ಟ್ ಪಂಗಡದಲ್ಲಿ ಸಭೆ ಹೇಳಿದ್ದೇ ಕೊನೆ, ಪಾಸ್ಟರ್ ಅದಕ್ಕೆ ತಲೆಬಾಗಬೇಕು. ಬೇರೆಯವರ ಮತಕ್ಕೆ ತಲೆಬಾಗುವುದೇ ಪ್ರಜಾಪ್ರಭುತ್ವ ಎಂದು ಪಾಠ ಹೇಳಿದವನೂ ನಾನೇ. ಬಾಗಿಲಲ್ಲಿ ಕೈ ಕುಲುಕುವಾಗ ಐಸಮ್, "ಬೇಜಾರ್ ಮಾಡ್ಕೋಬೇಡಿ ಪಾಸ್ಟ್ರೇ, ಸಭೆ ಚೆನ್ನಾಗಿ ನಡೆಸಿದ್ರಿ," ಅಂದ.

ಕರ್ತನೇ, ಇವರಿಗಾಗಿ ಜೀವ ಕೊಡು ಎಂದರೆ ಕೊಟ್ಟೇನು. ಇವರ ಜೊತೆ ಬಾಳು ಎನ್ನುತ್ತೀಯಲ್ಲ.

ಶನಿವಾರ, ಏಪ್ರಿಲ್ 18

ಆಗಬಾರದ್ದು ಆಯಿತು. ಬೆಳಕು ಹರಿಯುವ ಹೊತ್ತಿಗೆ ಶೆರಿಫ್ ತನ್ನ ಪೊಲೀಸರೊಂದಿಗೆ ಬಂದ. ಎರಡು ಕಾರು. ಐಸಮ್ ಬಂದೂಕನ್ನು ನೆಲದ ಮೇಲಿಟ್ಟು, ಕೈ ಮೇಲೆತ್ತಿ, ಎದ್ದು ನಿಂತನಂತೆ. ನಾನು ಬರುವಷ್ಟರಲ್ಲಿ ಬೇಡಿ ಹಾಕಿಯಾಗಿತ್ತು. ಹಣೆಯಲ್ಲಿ ರಕ್ತ. ಹೇಗೆ ಬಂತು ಎಂದು ಕೇಳಿದರೆ, ಮುದುಕ ಕಾರಿನ ಬಾಗಿಲಿಗೆ ತಾನೇ ತಲೆ ಬಡಿದುಕೊಂಡ ಎಂದರು.

ಶೆರಿಫ್ ಕಾರಿಗೆ ಒರಗಿ ನಿಂತು ಹಲ್ಲುಕಡ್ಡಿ ಕಚ್ಚುತ್ತ ಹೇಳಿದ. "ಇಲ್ಲಿ ಕೇಳು ಬೋಧಕ. ಮನೆಯವರ ಒಪ್ಪಿಗೆ ಇಲ್ದೆ ಇನ್ನೊಬ್ರ ಜಾಗದಲ್ಲಿ ಬಂದೂಕು ಹಿಡ್ಕೊಂಡು ಕೂತ್ರೆ ಆರು ತಿಂಗಳು ಜೈಲು, ರಸ್ತೆ ಕೆಲಸ. ಒಪ್ಪಿಗೆ ಇದ್ರೆ ಕೇಸೇ ಇಲ್ಲ. ಬುಧವಾರ ಕೋರ್ಟಲ್ಲಿ ಜಡ್ಜ್ ನಿನ್ನನ್ನೇ ಕೇಳ್ತಾರೆ. ಇವನನ್ನ ನೀನು ಕೂರ್ಸಿದ್ದಾ, ಅವನೇ ಬಂದು ಕೂತಿದ್ದಾ?"

ಅತ್ತ ದರಿ ಇತ್ತ ಪುಲಿ. ನಾನು ಕೂರಿಸಿದೆ ಎಂದರೆ ಪರವಾನಗಿ ರದ್ದು, ಮೆರವಣಿಗೆ ಇಲ್ಲ, ಪ್ರಮಾಣ ಮಾಡಿ ಸುಳ್ಳು ಹೇಳಿದಂತೆ. ಅಹಿಂಸೆಯ ಬೋಧಕನ ಜಗುಲಿಯಲ್ಲಿ ಬಂದೂಕು ಎಂದು ಪೇಪರು ತಿಂಗಳುಗಟ್ಟಲೆ ಹಬ್ಬ ಮಾಡುತ್ತದೆ. ನಾನು ಬೇಡವೆಂದಿದ್ದೆ ಎಂಬ ನಿಜ ಹೇಳಿದರೆ ಮೆರವಣಿಗೆ ಉಳಿದೀತು, ಆದರೆ ಈ ಮುದುಕ ಕಾಲಿಗೆ ಸರಪಳಿ ಕಟ್ಟಿಸಿಕೊಂಡು ಜುಲೈ ಬಿಸಿಲಿನಲ್ಲಿ ಕಲ್ಲು ಒಡೆಯಬೇಕು. ಬದುಕಿ ಬರುವುದಿಲ್ಲ.

ಭಾನುವಾರ, ಏಪ್ರಿಲ್ 19. ಮಧ್ಯಾಹ್ನ

ಜೈಲಿಗೆ ಹೋಗಿದ್ದೆ. ಹತ್ತು ನಿಮಿಷ ಬಿಟ್ಟರು. ವರ್ಡೆಲ್ ಕಟ್ಟಿಕೊಟ್ಟ ಗೆಣಸಿನ ಪೈಯೊಳಗೆ ಬೆರಳು ಹಾಕಿ ಕದಡಿ ನೋಡಿ ಕೊಟ್ಟರು. ಮುದುಕ ಅದನ್ನೇ ತಿಂದ.

"ನಿಜಾನೇ ಹೇಳ್ಬಿಡಿ ಪಾಸ್ಟ್ರೇ. ಬೇಡ ಅಂದ್ರೂ ಕೇಳ್ಲಿಲ್ಲ ಅಂತ. ಮೆರವಣಿಗೆ ನಡೀಲಿ."

"ಆರು ತಿಂಗಳು ಐಸಮ್."

"ಹಳಿ ಹಾಕಿದ ಬೆನ್ನು ಇದು. ಏನಾಗತ್ತೆ?"

ಮಣಿಕಟ್ಟಿನಲ್ಲಿ ಬೇಡಿಯ ಗಾಯವಿತ್ತು. ಅದನ್ನು ನಾನು ನೋಡಬಾರದೆಂದು ಪೈ ತಟ್ಟೆಯ ಕೆಳಗೆ ಇಟ್ಟುಕೊಂಡ. ನನಗೆ ಸಿಟ್ಟು ಬಂತು, ಇಷ್ಟು ಸಲೀಸಾಗಿ ನನ್ನನ್ನು ಬಿಡುಗಡೆ ಮಾಡುತ್ತಾನಲ್ಲ ಎಂದು. ಯಾರಾದರೂ ಬಂದಿದ್ದರೆ ಗುಂಡು ಹಾರಿಸುತ್ತಿದ್ದಿರಾ ಎಂದು ಕೇಳಿದೆ.

ಪೈಯ ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡ. "ಹಾರಿಸೋ ಹಾಗೆ ಆಗ್ದೇ ಇರ್ಲಿ ಅಂತ ಪ್ರಾರ್ಥನೆ ಮಾಡ್ತಾ ಕೂತಿರ್ತಿದ್ದೆ. ಅಷ್ಟೊಂದು ಪ್ರಾರ್ಥನೆ ಚರ್ಚಲ್ಲೂ ಮಾಡಿಲ್ಲ."

ಮಂಗಳವಾರ, ಏಪ್ರಿಲ್ 21

ನಿನ್ನೆ ಬರೆಯಲಾಗಲಿಲ್ಲ. ಮೊಣಕಾಲೂರಿ ಪ್ರಾರ್ಥನೆಗೆ ಕೂತಿದ್ದೇ ಬಂತು. ಮೇಲಿನಿಂದ ಒಂದು ಮಾತೂ ಇಲ್ಲ. ದೇವರೂ ನಮ್ಮ ಮೇಯರ್ ಥರ, ಬೆಂಚಿನ ಮೇಲೆ ಕೂರಿಸಿ ಕಾಯಿಸುತ್ತಾನೆ.

ಉತ್ತರ ಅಡುಗೆಮನೆಯಿಂದ ಬಂತು. ವರ್ಡೆಲ್ ಸೊಪ್ಪು ಬಿಡಿಸುತ್ತ, "ಮನೆಯವರ ಒಪ್ಪಿಗೆ ಅಂದನಲ್ಲ ಶೆರಿಫ್, ಈ ಮನೆ ಯಾವಾಗ ನಿಮ್ಮದಾಯ್ತು?" ಅಂದಳು.

ನಿಜ. ಈ ಮನೆ ಸಭೆಯದು. ಪಾಸ್ಟರ್ ಆಗಿರುವವರೆಗೆ ನಾನಿಲ್ಲಿ ಇರುತ್ತೇನೆ, ಅಷ್ಟೇ. ಮನೆಯೊಡೆಯರು ಒಪ್ಪಿಗೆ ಕೊಟ್ಟಿದ್ದಾರೆ — ಕೈ ಎತ್ತಿ, ನನ್ನ ಕಣ್ಣೆದುರೇ. ಬರ್ಮಿಂಗ್‌ಹ್ಯಾಮಿನ ನಮ್ಮ ಚಳವಳಿಯ ವಕೀಲನಿಗೆ ಫೋನ್ ಮಾಡಿದೆ. ಈ ವಾದ ನಿಲ್ಲುತ್ತದೆ ಎಂದ. ಆದರೆ ಆ ಕೈ ಎತ್ತಿದವರು ಕೋರ್ಟಿಗೆ ಬಂದು, ಜಡ್ಜನ ಎದುರು ಎದ್ದು ನಿಂತು, ಹೌದು ನಾನು ಕೊಟ್ಟೆ ಎನ್ನಬೇಕಂತೆ.

ಯಾರು ಬರುತ್ತಾರೆ? ಬಂದವರಿಗೆ ನಾಳೆಯಿಂದ ಬಿಳಿಯರ ಮನೆಯಲ್ಲಿ ಕೆಲಸ ಇರುವುದಿಲ್ಲ. ಮಿಲ್ಲಿನಿಂದ ಓಡಿಸುತ್ತಾರೆ. ಜಮೀನಿನಿಂದ ಎಬ್ಬಿಸುತ್ತಾರೆ. ಮನೆ ಮನೆಗೆ ಹೋಗಿ ಹೇಳಿ ಬಂದೆ. ಬನ್ನಿ ಎಂದು ಒತ್ತಾಯಿಸಲಿಲ್ಲ. ಎಲ್ಲರೂ ಕಾಫಿ ಕೊಟ್ಟರು. ನೋಡೋಣ ಪಾಸ್ಟ್ರೇ ಎಂದರು. ಈ "ನೋಡೋಣ" ನನಗೆ ಚೆನ್ನಾಗಿ ಗೊತ್ತು.

ಮೆರವಣಿಗೆಯಂತೂ ಹೋಯಿತು. ಕಾವಲು ಇಟ್ಟಿದ್ದು ಸಭೆಯೇ ಎಂಬ ಸುದ್ದಿ ಮುಟ್ಟಿ, ಸಂಜೆ ಮೇಯರ್ ಫೋನ್ ಮಾಡಿ ಪರವಾನಗಿ ರದ್ದು ಎಂದ. ದನಿಯಲ್ಲಿ ಸಕ್ಕರೆ.

ಬುಧವಾರ, ಏಪ್ರಿಲ್ 22. ಕೋರ್ಟಿನ ವರಾಂಡ, ಮಧ್ಯಾಹ್ನ

ಬೆಳಿಗ್ಗೆ ನಾವು ಐದಾರು ಜನ ಮಾತ್ರ. ವಕೀಲ ಸಭೆಯ ವಿಷಯ ಹೇಳಿದ. ಜಡ್ಜ್ ಕನ್ನಡಕ ತೆಗೆದು ಒರೆಸಿ, "ಸಭೆ ಅಂದ್ರೆ ಯಾರು? ಕಲ್ಲು ಇಟ್ಟಿಗೆ ಬಂದು ಸಾಕ್ಷಿ ಹೇಳಲ್ಲ. ಎರಡು ಗಂಟೆವರೆಗೆ ಟೈಮ್. ಮನುಷ್ಯರು ಬರ್ಲಿ," ಎಂದು ಎದ್ದು ಹೋದ. ಊಟಕ್ಕೆ. ಮದರ್ ಲೂಡಿ ಮಾಡಿದ ಊಟಕ್ಕೆ.

ಐಸಮ್ ಕಟಕಟೆಯಿಂದ ಹಿಂದಿನ ಬೆಂಚುಗಳನ್ನು ಒಂದು ಸಲ ನೋಡಿದ. ಆಮೇಲೆ ನೋಡಲಿಲ್ಲ. ವರ್ಡೆಲ್ ಟೋಪಿ ಸರಿಮಾಡಿಕೊಂಡು ಹೊರಗೆ ಹೋದಳು. ನಾನು ಇಲ್ಲಿ ಕಿಟಕಿಯ ಬಳಿ ನಿಂತು ಇದನ್ನು ಗೀಚುತ್ತಿದ್ದೇನೆ. ಬಾರದಿದ್ದರೆ ನಾನೇ ಕೂರಿಸಿದೆ ಎಂದುಬಿಡುವುದು. ಸುಳ್ಳಿನ ಲೆಕ್ಕ ದೇವರ ಹತ್ತಿರ ಆಮೇಲೆ. ಹಾಗೆಂದು ನಿರ್ಧಾರ ಮಾಡಿದೆ.

ರಸ್ತೆಯಲ್ಲಿ ಏನೋ ಬಿಳಿ.

ಮದರ್ ಲೂಡಿ. ಭಾನುವಾರದ ಬಿಳಿ ಉಡುಪಲ್ಲ, ಜಡ್ಜನ ಮನೆಯ ಏಪ್ರನ್. ಕಟ್ಟಿಕೊಂಡೇ ಬಂದಿದ್ದಾರೆ. ಹಾಗಾದರೆ ಇವತ್ತು ಅವನಿಗೆ ಬಡಿಸಿದವರು ಯಾರು? ಅವರ ಪಕ್ಕ ವರ್ಡೆಲ್. ಹಿಂದೆ ಮಿಲ್ಲಿನವರು, ಮೈಮೇಲೆಲ್ಲ ಹತ್ತಿಯ ನಾರು. ಕಾಯಿರ್. ಡೀಕನ್‌ಗಳು. ನಗು ತಡೆಯಲಾಗದ ಆ ಹುಡುಗಿ, ಈಗ ನಗುತ್ತಿಲ್ಲ. ತಿರುವಿನ ಆಚೆಯಿಂದ ಇನ್ನೂ ಬರುತ್ತಿದ್ದಾರೆ. ಹಾಡಿಲ್ಲ, ಬೋರ್ಡಿಲ್ಲ. ಸುಮ್ಮನೆ ರಸ್ತೆಯ ತುಂಬ. ಇದಕ್ಕೆ ಯಾರೂ ಪರವಾನಗಿ ಕೇಳಿಲ್ಲ.

ಎರಡು ವರ್ಷ ಕರೆದೆ. ಮತಕ್ಕಾಗಿ ಈ ಮೆಟ್ಟಿಲು ಹತ್ತಿ ಎಂದು ಗಂಟಲು ಹರಿದುಕೊಂಡೆ. ಬರಲಿಲ್ಲ. ಈಗ ಹತ್ತುತ್ತಿದ್ದಾರೆ, ಒಂದು ಬಂದೂಕಿಗಾಗಿ. ನಾನು ಬೇಡವೆಂದ ಬಂದೂಕಿಗಾಗಿ. ಮೈಯೆಲ್ಲ ಸಿಟ್ಟು. ಅಳುವೂ ಬರುತ್ತಿದೆ, ಬರೆದದ್ದು ಕಾಣುತ್ತಿಲ್ಲ.

ಈಗ ಎಲ್ಲರೂ ಒಳಗೆ ಬಂದಿದ್ದೇವೆ; ಕೂರಲು ಜಾಗ ಸಾಲದು, ನಿಂತಿದ್ದಾರೆ. ಜಡ್ಜ್ ಬಂದ. ಏಪ್ರನ್ ನೋಡಿ ಒಂದು ಕ್ಷಣ ಬಾಗಿಲಲ್ಲೇ ನಿಂತ.

ನನ್ನ ಹೆಸರು ಕೂಗುತ್ತಿದ್ದಾರೆ. ಆ ಸಭೆಯಲ್ಲಿ ನೀನು ಯಾವ ಕಡೆ ಎಂದು ಜಡ್ಜ್ ಕೇಳೇ ಕೇಳುತ್ತಾನೆ. ವಿರುದ್ಧ ಎನ್ನಬೇಕು. ಅದೇ ನಿಜ. ನನ್ನ ನಂಬಿಕೆ ಇವತ್ತೂ ಅದೇ. ಆದರೆ ಇವರೆಲ್ಲ ಹೀಗೆ ನಿಂತಿರುವಾಗ, ಇನ್ನೊಮ್ಮೆ ಕೈ ಎತ್ತಿ ಎಂದರೆ ಅದು ವಿರುದ್ಧವೇ ಏಳುವುದೋ ಇಲ್ಲವೋ, ನನ್ನ ಕೈಗೇ ಗೊತ್ತಿಲ್ಲ —