ಕಾಣೆಯಾದ ಭಾಗಗಳ ಭಾನುವಾರ

ಗೋಜೆ ದ್ವೀಪದಲ್ಲಿರುವ ಹಿರಿಯ ಭಾವನವರಿಗೆ, ಬೂಸಾನಿನ ಪುಸ್ತಕ ಗಲ್ಲಿಯಿಂದ ನಿಮ್ಮ ತಂಗಿ ಪಿಲ್‌ಜಾಳ ಗಂಡ ಜೊಂಗ್‌ಸಿಕ್ ಸೊಂಟ ಬಗ್ಗಿಸಿ ಮಾಡುವ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಧ್ಯೆ ಬಾಯಿ ಹಾಕುತ್ತೀರಿ. ಮದುವೆಯಾದಂದಿನಿಂದ ನಿಮ್ಮೆದುರು ನಾನು ಒಂದು ವಾಕ್ಯವನ್ನಾದರೂ ಪೂರ್ಣವಿರಾಮದವರೆಗೆ ಮುಟ್ಟಿಸಿದ ನೆನಪಿಲ್ಲ. ಕಾಗದದ ಮಧ್ಯೆ ಯಾರೂ ಬಾಯಿ ಹಾಕಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಭಾವ, ಸಾಲು ನಿಂತಿತ್ತು. ಮೊದಲು ಇದನ್ನು ಬರೆದುಬಿಡುತ್ತೇನೆ; ಇಲ್ಲದಿದ್ದರೆ ನನ್ನ ಸ್ವಭಾವಕ್ಕೆ ಊರೆಲ್ಲ ಸುತ್ತಿ ವಿಷಯಕ್ಕೆ ಬರುವಷ್ಟರಲ್ಲಿ ನಿಮಗೆ ತೂಕಡಿಕೆ ಬಂದಿರುತ್ತದೆ. ಕಳೆದ ಭಾನುವಾರ ಪಿಲ್‌ಜಾಳ ಅಂಗಡಿಯ ಮುಂದೆ ಶುರುವಾದ ಸಾಲು ಗಲ್ಲಿಯ ಮೆಟ್ಟಿಲು ಇಳಿದು, ಔಷಧಿ ಅಂಗಡಿ ದಾಟಿ, ಬಸ್ ನಿಲ್ದಾಣ ಮುಟ್ಟಿತ್ತು. ಯಾರೋ ಒಬ್ಬರು ಇದು ಬಸ್ಸಿನ ಸಾಲೆಂದೇ ತಿಳಿದು ನಿಂತು, ಕೊನೆಗೆ ಒಂದು ಪತ್ತೇದಾರಿ ಕಾದಂಬರಿ ಹಿಡಿದುಕೊಂಡು ಮನೆಗೆ ನಡೆದರು.

ಈಗ ಹಿಂದಕ್ಕೆ ಹೋಗುತ್ತೇನೆ. ಪಿಲ್‌ಜಾ ತೀರಿಕೊಂಡ ನಲವತ್ತೊಂಬತ್ತನೇ ದಿನದ ಪೂಜೆ ಮುಗಿಸಿ ದೇವಸ್ಥಾನದ ಬೆಟ್ಟ ಇಳಿದು ಊಟಕ್ಕೆ ಕೂತಿದ್ದೆವು. ಹಂದಿ ಸೂಪಿಗೆ ಅನ್ನ ಕಲಸುತ್ತಾ ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ: "ಜೊಂಗ್‌ಸಿಕ್, ಈ ಕಾಲದಲ್ಲಿ ಕತೆ ಪುಸ್ತಕ ಯಾರು ಕೊಳ್ತಾರಯ್ಯಾ? ಕಾಫಿ ಮಾರೋನೊಬ್ಬ ಆ ಅಂಗಡಿ ಬಾಡಿಗೆಗೆ ಕೊಡಿ ಅಂತ ಹಿಂದೆ ಬಿದ್ದಿದಾನೆ. ಚೂಸೊಕ್ ಹುಣ್ಣಿಮೆ ಹಬ್ಬದೊಳಗೆ ಒಂದೇ ಒಂದು ದಿನ ಅದರ ಮುಂದೆ ಜನ ಸಾಲು ನಿಂತಿದ್ದು ತೋರಿಸು ನೋಡೋಣ. ಆಮೇಲೆ ಸಾಯೋ ತನಕ ನಾನು ಆ ಮಾತೆತ್ತಲ್ಲ." ಆ ಮಾತಿನ ಮೇಲೆ ನೀವು ನೂರು ವರ್ಷ ಬಾಳಬೇಕೆಂದು ಅಲ್ಲೇ ಹಾರೈಸಿದೆ.

ತಪ್ಪು ನಿಮ್ಮದಲ್ಲ. ಅಂಗಡಿ ನಿಮ್ಮದೇ. ಮಾವನವರು ಅದನ್ನು ಮಗನ ಹೆಸರಿಗೆ ಬರೆದರು. ಮಗಳು ಅದರೊಳಗೆ ಕೂತು ಬಾಳಿದಳು. ನಾನು ಅವತ್ತು ಉತ್ತರ ಕೊಡಲು ಬಾಯಿ ತೆರೆದೆ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಎರಡು ವರ್ಷದಲ್ಲಿ ನನಗೆ ಉಳಿದದ್ದು ಕೆಲವೇ ಮಾತು, ಅದರಲ್ಲಿ 'ನೆವರ್‌ದಿಲೆಸ್' ಎಂಬುದು ತುಂಬ ಪ್ರಿಯವಾದದ್ದು. ಅದು ನಾಲಿಗೆಯ ತುದಿಗೆ ಬಂತು. ಅದರ ಮುಂದೆ ಏನು ಹೇಳಬೇಕೆಂಬುದು ಬರಲಿಲ್ಲ. ಸೂಪು ಕುಡಿದೆ.

ನಮ್ಮ ಅಂಗಡಿಯ ಸರಕು ನಿಮಗೆ ಗೊತ್ತು. ಎಲ್ಲ ಯಾರೋ ಓದಿ ಮಾರಿದ ಹಳೆಯವು: ಖಡ್ಗದ ಕತೆ, ಕಣ್ಣೀರಿನ ಕತೆ, ಕೊಲೆಯ ಕತೆ, ಮತ್ತೆ ಬದುಕನ್ನು ತಿದ್ದಿಕೊಳ್ಳುವ ಪುಸ್ತಕಗಳು. ಒಂದು ಬಟ್ಟಲು ಸೂಪಿನ ದುಡ್ಡಿಗೆ ನಾಲ್ಕು ಪುಸ್ತಕ ಬರುತ್ತವೆ. ಬದುಕು ತಿದ್ದುವ ಪುಸ್ತಕಗಳಲ್ಲಿ ಒಂದು ತಮಾಷೆ ಇದೆ. ಅವು ನಮ್ಮಲ್ಲಿಗೆ ವಾಪಸು ಬರುವಾಗ ಮೊದಲ ಮೂವತ್ತು ಪುಟಗಳಲ್ಲಿ ಸಾಲುಸಾಲಿಗೂ ಅಡಿಗೆರೆ ಎಳೆದಿರುತ್ತದೆ. ಅಲ್ಲಿಂದ ಮುಂದೆ ಪುಟಗಳು ಅಂಗಡಿಯಿಂದ ಹೋದ ಹಾಗೇ ಇರುತ್ತವೆ. ಪಿಲ್‌ಜಾ ನಗುತ್ತಾ ಹೇಳುತ್ತಿದ್ದಳು: "ಮೂವತ್ತು ಪುಟದಷ್ಟು ಒಳ್ಳೆಯವರಾದರೂ ಆದರಲ್ಲ ಬಿಡಿ. ಉಳಿದದ್ದು ಇನ್ನೊಬ್ಬರು ಆಗ್ತಾರೆ."

ನಾನೂ ಅವನ್ನೇ ನೆಚ್ಚಿದೆ ಭಾವ. ಗಿರಾಕಿಯನ್ನು ಕಂಡ ಕೂಡಲೆ ಮುಗುಳ್ನಗಬೇಕು ಎಂದಿತ್ತು, ನಕ್ಕೆ. ಒಬ್ಬಳು ಹೆದರಿ ಮಗುವನ್ನು ಎತ್ತಿಕೊಂಡಳು. ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ 'ಗುಡ್ ಬುಕ್ ಸ್ಮಾಲ್ ಮನಿ' ಎಂದು ಬರೆದು ನೇತುಹಾಕಿದೆ. ಬೇರೆ ದೇಶದವರು ಅದರ ಫೋಟೋ ತೆಗೆದುಕೊಂಡು ಹೋದರು, ಪುಸ್ತಕವನ್ನಲ್ಲ. ಹೀಗೆ ಬೇಸಿಗೆ ಬಂತು, ಹೋಗುವುದಕ್ಕೂ ಶುರುವಾಯಿತು.

ಆಗ ಒಬ್ಬ ಹೆಂಗಸು ಬಂದರು. ಬೆನ್ನಿಗೆ ಚೀಲ, ಕೈಯಲ್ಲಿ ಬೆಟ್ಟ ಹತ್ತುವ ಕೋಲು. ಹಾಸಿಗೆ ಹಿಡಿದಿರುವ ತಂದೆಗೆ ಓದಿ ಹೇಳಲು 'ಏಳು ಕಣಿವೆಯ ಖಡ್ಗ' ಹನ್ನೆರಡೂ ಭಾಗ ಬೇಕು ಎಂದರು. ನನ್ನಲ್ಲಿ ಎಂಟರವರೆಗೆ ಇತ್ತು. ಉಳಿದ ನಾಲ್ಕು ಗಲ್ಲಿಯ ಆಚೆ ತುದಿಯ ಅಂಗಡಿಯಲ್ಲಿದ್ದವು. ಅವರು ಅಲ್ಲಿ ಕೇಳಿ ಬಂದರು, ಮತ್ತೆ ನನ್ನನ್ನು ಕೇಳಿದರು, ಮತ್ತೆ ಅಲ್ಲಿಗೆ ಹೋದರು. ನಮ್ಮ ಗಲ್ಲಿಯ ರೂಢಿ ನಿಮಗೆ ತಿಳಿದಿರಲಿಕ್ಕಿಲ್ಲ: ಮುರಿದ ಕಟ್ಟನ್ನು, ಅಂದರೆ ಕೆಲವು ಭಾಗ ಕಾಣೆಯಾದ ಕತೆಯನ್ನು, ಯಾರೂ ಬಿಡಿಯಾಗಿ ಮಾರುವುದಿಲ್ಲ, ಪಕ್ಕದ ಅಂಗಡಿಗಂತೂ ಕೊಡುವುದೇ ಇಲ್ಲ. ಕೊಟ್ಟರೆ ಕಟ್ಟು ಅವನದಾಗುತ್ತದೆ, ಮರ್ಯಾದೆಯೂ ಅವನದಾಗುತ್ತದೆ. ಆದ್ದರಿಂದ ಎಲ್ಲರೂ ತಮ್ಮ ಅರ್ಧವನ್ನು ಹಿಡಿದುಕೊಂಡು ಇನ್ನೊಬ್ಬರು ಅಂಗಡಿ ಮುಚ್ಚುವ ದಿನಕ್ಕೆ ಕಾಯುತ್ತಾರೆ. ತಾನೂ ತಿನ್ನ, ಪರರಿಗೂ ಕೊಡ ಎನ್ನುತ್ತಾರಲ್ಲ, ಹಾಗೆ. ಕೊನೆಗೆ ಆ ಹೆಂಗಸು ಕೋಲು ಊರಿ ನಿಂತು ಕೇಳಿದರು: "ನೀವೆಲ್ಲ ಒಂದೇ ಗಲ್ಲೀಲಿ ಇದ್ದೀರೋ, ಬೇರೆ ಬೇರೆ ದೇಶದಲ್ಲಿ ಇದ್ದೀರೋ?"

ಬರಿಗೈಯಲ್ಲಿ ಹೋದರು. ಫೋನ್ ನಂಬರು ಕೇಳಿ ಇಟ್ಟುಕೊಂಡೆ, ಯಾಕೆಂದು ನನಗೇ ಗೊತ್ತಿರಲಿಲ್ಲ.

ಈಗ ಎದುರು ಅಂಗಡಿಯ ಬೊಂಗ್ ಅಕ್ಕನ ವಿಷಯಕ್ಕೆ ಬರಬೇಕು. ಮೀನು ಮಾರ್ಕೆಟ್ಟಿನಲ್ಲಿ ಹುಟ್ಟಿ ಬೆಳೆದವರು, ಗಂಟಲು ಇನ್ನೂ ಅಲ್ಲಿಯದೇ. ಅವರಿಗೂ ನಿಮ್ಮ ತಂಗಿಗೂ ಇದ್ದದ್ದು ಒಂದೇ ಜಗಳ, 'ಬಂದರಿನ ಸೊಸೆ'. ಹತ್ತು ಭಾಗದ ಕಣ್ಣೀರಿನ ಕತೆ. ಒಂದರಿಂದ ಏಳು ಪಿಲ್‌ಜಾಳ ಕಪಾಟಿನಲ್ಲಿ, ಎಂಟು ಒಂಬತ್ತು ಹತ್ತು ಬೊಂಗ್ ಅಕ್ಕನ ಕಪಾಟಿನಲ್ಲಿ. ಇಬ್ಬರೂ ಬೆಳಗ್ಗೆ ಬಾಗಿಲು ತೆಗೆದು ಮೊದಲು ಅವುಗಳ ಧೂಳು ಹೊಡೆಯುತ್ತಿದ್ದರು, ಇನ್ನೊಬ್ಬರಿಗೆ ಕಾಣುವ ಹಾಗೆ. ಏಳನೇ ಭಾಗದ ಕೊನೆಯ ಪುಟದಲ್ಲಿ ಸೊಸೆ ಒಬ್ಬಳೇ ಮನೆಯಲ್ಲಿರುವಾಗ ಬಾಗಿಲು ಬಡಿದ ಸದ್ದಾಗುತ್ತದೆ. ಯಾರೆಂದು ಎಂಟನೇ ಭಾಗದಲ್ಲಿದೆ. ಪಿಲ್‌ಜಾ ಗಲ್ಲಿ ದಾಟಿ ಕೇಳಲಿಲ್ಲ. ಬಾಗಿಲು ಬಡಿದವರು ಯಾರೆಂದು ತಿಳಿಯದೆಯೇ ಹೋಗಿಬಿಟ್ಟಳು ಭಾವ. ಅವಳ ಹಠ ನಿಮ್ಮ ಮನೆತನದ್ದು, ನನಗೆ ಅದರ ಮೇಲೆ ದೂರಿಲ್ಲ.

ಕೋಲಿನ ಹೆಂಗಸು ಹೋದ ಮೇಲೆ ನಾನು ಆ ಏಳು ಪುಸ್ತಕಗಳನ್ನು ನೋಡುತ್ತಾ ಕೂತೆ. ಅವಳ ಹಠ ಉಳಿಸಿದರೆ ಅಂಗಡಿ ಹೋಗುತ್ತದೆ. ಅಂಗಡಿ ಉಳಿಸಿದರೆ ಅವಳ ಹಠ ಹೋಗುತ್ತದೆ. ಎರಡೂ ಅವಳವೇ. ಅವಳು ಮುಟ್ಟಿದ್ದನ್ನೆಲ್ಲ ಇದ್ದ ಹಾಗೇ ಇಟ್ಟುಕೊಂಡಿದ್ದೆ, ಕೂರುವ ದಿಂಬನ್ನು ಸಹ ಸರಿಸಿರಲಿಲ್ಲ. ಕೊನೆಗೆ ಎದ್ದು ಏಳನ್ನೂ ಎದೆಗವಚಿ ಇಳಿಸಿದೆ. ಅವುಗಳ ಹಿಂದೆ ಗೋಡೆಯ ಬಣ್ಣ ಹೊಚ್ಚ ಹೊಸದಾಗಿತ್ತು, ನಾವು ಮದುವೆಯಾದ ವರ್ಷ ಇಬ್ಬರೂ ಸೇರಿ ಬಳಿದ ತಿಳಿ ಹಸಿರು. ಅದನ್ನು ನೋಡಿ ನನಗೆ ಅಳು ಬರಬೇಕಿತ್ತು. ಬಂದದ್ದು ಧೈರ್ಯ.

ಗಲ್ಲಿ ದಾಟಿ ಬೊಂಗ್ ಅಕ್ಕನ ಮುಂದೆ ಇಟ್ಟೆ. ಅವರು ಕನ್ನಡಕ ಮೇಲಕ್ಕೆತ್ತಿದರು.

"ಏನಯ್ಯಾ ಕಾಲೇಜು, ಇದ್ಯಾವ ಹೊಸ ನಾಟಕ?"

"ನಾಟಕ ಅಲ್ಲ ಅಕ್ಕ. ಕೊಡ್ತಿದೀನಿ. ಇಟ್ಕೊಳ್ಳಿ."

"ಬದಲಿಗೆ ಏನು ಬೇಕು?"

"ಏನೂ ಬೇಡ."

"ನಿನ್ನ ಹೆಂಡತಿ ಇಷ್ಟು ವರ್ಷ ಕಾವು ಕೊಟ್ಟು ಕೂತಿದ್ದಳಲ್ಲೋ ಇವಕ್ಕೆ."

"ಕೊಟ್ಟಳು ಅಕ್ಕ. ಮರಿ ಆಗಲಿಲ್ಲ. ಮೊಟ್ಟೆ ಎರಡು ಗೂಡಲ್ಲಿದ್ದರೆ ಹೇಗೆ ಆಗತ್ತೆ?"

ಅವರು ಒಂದನೇ ಭಾಗ ಕೈಗೆತ್ತಿಕೊಂಡು ಸುಮ್ಮನೆ ಸವರಿದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ್ದು ಕೇಳಿ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. "ಅವಳಿಗೆ ಕೊನೆ ಗೊತ್ತಿರಲಿಲ್ಲ ಅಂತೀಯ. ನನಗೆ ಕತೆ ಶುರು ಗೊತ್ತಿತ್ತಾ? ಆ ಹುಡುಗಿ ಯಾಕೆ ಅಷ್ಟು ಅಳ್ತಾಳೆ ಅಂತಲೇ ಗೊತ್ತಿಲ್ಲದೆ ಮೂರು ಭಾಗ ಓದಿದೀನಿ, ಅವಳ ಜೊತೆ ಅತ್ತೂ ಇದೀನಿ."

ಅವತ್ತಿನಿಂದ ಬೊಂಗ್ ಅಕ್ಕ ವ್ಯಾಪಾರ ಬಿಟ್ಟು ಅಂಗಡಿಯ ಬಾಗಿಲಲ್ಲಿ ಕೂತು ಓದಿದರು. ಗಿರಾಕಿ ಬಂದರೆ "ತಗೊಂಡು ಹೋಗಿ, ದುಡ್ಡು ಅಲ್ಲಿಟ್ಟು ಹೋಗಿ" ಎನ್ನುತ್ತಿದ್ದರು, ತಲೆಯೆತ್ತುತ್ತಿರಲಿಲ್ಲ. ಓದಿ ಮುಗಿದ ದಿನ, ನಾನು ಗಲ್ಲಿಗೆ ಬಂದಂದಿನಿಂದ ಮೊದಲ ಬಾರಿಗೆ, ಅವರು ಈಚೆ ದಾಟಿ ಬಂದು ಹತ್ತೂ ಭಾಗಗಳನ್ನು ನನ್ನ ಮೇಜಿನ ಮೇಲೆ ಕುಕ್ಕಿದರು. ಹಿಂದೆಯೇ ತಮ್ಮಲ್ಲಿದ್ದ ಮುರಿದ ಕಟ್ಟುಗಳನ್ನೆಲ್ಲ ಕೈಗಾಡಿಯಲ್ಲಿ ತಂದರು. "ಋಣ ಇಟ್ಕೊಂಡು ನನಗೆ ಅನ್ನ ಇಳಿಯಲ್ಲ. ಜೋಡಿಸು. ಮಾರು. ಪಾಲು ಆಮೇಲೆ ನೋಡೋಣ." ಹೋಗುವಾಗ ಬಾಗಿಲಲ್ಲಿ ತಿರುಗಿ, "ಎಂಟನೇದರ ಮೊದಲ ಪುಟ ಪಿಲ್‌ಜಾ ಫೋಟೋ ಮುಂದೆ ಗಟ್ಟಿಯಾಗಿ ಓದು" ಎಂದರು. ಓದಿದೆ ಭಾವ. ಬಾಗಿಲು ಬಡಿದವರು ಯಾರೆಂದು ನಿಮ್ಮ ತಂಗಿಗೆ ಈಗ ಗೊತ್ತು.

ಬೊಂಗ್ ಅಕ್ಕ ಗಲ್ಲಿ ದಾಟಿದರು ಎಂಬುದೇ ಗಲ್ಲಿಗೆ ದೊಡ್ಡ ಸುದ್ದಿ. ಆ ಹೆಂಗಸೇ ಸೋತರೆ ನಮ್ಮದೇನು ಎಂದುಕೊಂಡರೋ, ಒಳಗೊಳಗೇ ಎಲ್ಲರಿಗೂ ಸಾಕಾಗಿತ್ತೋ, ಒಬ್ಬೊಬ್ಬರಾಗಿ ತಮ್ಮ ಅರ್ಧಗಳನ್ನು ತಂದರು. ಆಚೆ ತುದಿಯವನು ಖಡ್ಗದ ನಾಲ್ಕು ಭಾಗ ತಂದಿಟ್ಟು, ಹೆಣ್ಣು ಒಪ್ಪಿಸುವ ತಂದೆಯ ಹಾಗೆ ಮುಖ ತಿರುಗಿಸಿಕೊಂಡು ಹೋದ. ನಾನು ಕೋಲಿನ ಹೆಂಗಸಿಗೆ ಫೋನ್ ಮಾಡಿದೆ. ಅವರು ಬಂದು ಹನ್ನೆರಡನ್ನೂ ಚೀಲಕ್ಕೆ ತುಂಬಿಕೊಂಡು, "ನಮ್ಮ ಬೆಟ್ಟದ ಸಂಘದೋರಿಗೆ ಹೇಳ್ತೀನಿ, ಎಲ್ಲರ ಮನೇಲೂ ಇಂಥವು ಬಿದ್ದಿವೆ" ಎಂದರು. ನಾಲ್ಕು ಜನ ಬಂದಾರು ಎಂದುಕೊಂಡೆ.

ಭಾನುವಾರ ಬೆಟ್ಟ ಇಳಿದವರೆಲ್ಲ ನೇರ ನಮ್ಮ ಗಲ್ಲಿಗೆ ಬಂದರು. ಕೆಂಪು ಜಾಕೀಟು, ನೇರಳೆ ಜಾಕೀಟು, ತಲೆಗೆ ಬಿಸಿಲ ಟೋಪಿ. ಚೀಲದ ತುಂಬ ಒಂಟಿ ಭಾಗಗಳು. ಯಾರದೋ ತೀರಿಕೊಂಡ ಅಣ್ಣನ ಪೆಟ್ಟಿಗೆಯಲ್ಲಿದ್ದದ್ದು, ಬಾಡಿಗೆ ಪುಸ್ತಕದಂಗಡಿಗೆ ಹಿಂತಿರುಗಿಸದೆ ಉಳಿದದ್ದು. ಗಲ್ಲಿಯ ಉದ್ದಕ್ಕೂ ಚಾಪೆ ಹಾಸಿದೆವು. ಬೊಂಗ್ ಅಕ್ಕ ಸ್ಟೂಲಿನ ಮೇಲೆ ನಿಂತು ಮೀನು ಹರಾಜಿನ ದನಿ ತೆಗೆದರು: "ಹಿಮದ ದೊರೆ, ಐದನೇದು, ಯಾರ ಹತ್ರ ಇದೆ?" ಹಿಂದಿನಿಂದ ಯಾರೋ ಕೈಯೆತ್ತಿದರು. ಸಾಲಿಗೆ ಸಾಲೇ ಚಪ್ಪಾಳೆ ಹೊಡೆಯಿತು. ಬದುಕು ತಿದ್ದುವ ಪುಸ್ತಕಗಳನ್ನು ನಾನು ಮೆಟ್ಟಿಲ ಬದಿಗೆ ಜೋಡಿಸಿದ್ದೆ. ನಿಂತವರಿಗೆ ಕೈ ಖಾಲಿ, ಎತ್ತಿಕೊಂಡು ಓದಿದರು. ತಾಳ್ಮೆಯ ಮೇಲಿನ ಪುಸ್ತಕಗಳು ಮೊದಲು ಖಾಲಿಯಾದವು. ಕೆಲವರು ನನ್ನ ಮುಂದೆ ಬರುವಷ್ಟರಲ್ಲಿ ಮೂವತ್ತು ಪುಟ ದಾಟಿದ್ದರು, ಇದು ನಮ್ಮ ವ್ಯಾಪಾರದಲ್ಲೇ ಹೊಸದು. ಕಾಫಿಯವನೂ ಬಂದಿದ್ದ. ಸಾಲು ನೋಡಿದ, ಬೋರ್ಡು ನೋಡಿದ, ಕೊನೆಗೆ ಒಂದು ಕೊಲೆಯ ಕತೆ ತೆಗೆದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಟೋಪಿ ಕಣ್ಣಿನವರೆಗೆ ಎಳೆದುಕೊಂಡ ಒಬ್ಬರು ಮೇಜಿನ ಮುಂದೆ ನಿಂತು, 'ಬಂದರಿನ ಸೊಸೆ' ಇದೆಯಾ ಎಂದರು. ದನಿ ಕೇಳಿದ್ದೇ ಕೈಯಲ್ಲಿದ್ದ ದಾರದುಂಡೆ ಬಿತ್ತು. ಭಾವ, ಅತ್ತಿಗೆ. ನಿಮ್ಮ ಮನೆಯ ಯಜಮಾನಿ. ಬೂಸಾನಿಗೆ ಹಲ್ಲು ತೋರಿಸಲು ಹೋಗುತ್ತೇನೆ ಎಂದು ನಿಮಗೆ ಹೇಳಿ ಬಂದಿದ್ದರಲ್ಲ, ಆ ದಿನ. ಭಾನುವಾರ ಯಾವ ಹಲ್ಲಿನ ಡಾಕ್ಟರು ಬಾಗಿಲು ತೆರೆಯುತ್ತಾನೆಂದು ನೀವು ಯೋಚಿಸಲಿಲ್ಲ.

ಒಳಗೆ ಕರೆದು ದಿಂಬು ಕೊಟ್ಟು ಕೂರಿಸಿದೆ. ಬಾರ್ಲಿ ಚಹಾ ಕುಡಿಯುತ್ತಾ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಬರೆಯಬೇಕೆಂದು ಅವರದೇ ಅಪ್ಪಣೆ. "ಮದುವೆ ಆದ ಹೊಸದರಲ್ಲಿ ಒಂಬತ್ತು ಭಾಗ ಮುಗಿಸಿದ್ದೆ. ಹತ್ತನೇದು ಅಡಿಗೆ ಮನೇಲಿ ಇಟ್ಟಿದ್ದೆ. ನಿಮ್ಮ ಭಾವ ಹಡಗು ಕಟ್ಟೆಗೆ ಹೋಗೋವಾಗ ಅದರ ಹಾಳೆ ಹರಿದು ಒಣಮೀನು ಕಟ್ಟಿಕೊಂಡು ಹೋದರು. ಅವರಿಗೆ ನೆನಪೂ ಇಲ್ಲ. ನನಗೆ ಮೀನು ಸುಟ್ಟಾಗಲೆಲ್ಲ ನೆನಪಾಗತ್ತೆ."

ಹತ್ತೂ ಭಾಗಗಳನ್ನು ಕಟ್ಟಿ ಮುಂದಿಟ್ಟೆ. ಅತ್ತಿಗೆ ದಾರ ಬಿಚ್ಚಿದರು. ಒಂಬತ್ತನ್ನು ಚೀಲಕ್ಕೆ ಹಾಕಿಕೊಂಡು ಹತ್ತನೆಯದನ್ನು ನನ್ನ ಕಡೆಗೆ ತಳ್ಳಿದರು. "ಮತ್ತೆ ಮೊದಲಿಂದ ಓದ್ತೀನಿ. ಇದು ಇಲ್ಲೇ ಇರಲಿ. ಹರಿದವರೇ ಬಂದು ತರಲಿ."

ಆದ್ದರಿಂದ ಭಾವ, ಹತ್ತನೇ ಭಾಗ ನನ್ನ ಮೇಜಿನ ಮೇಲಿದೆ, ನಿಮ್ಮ ಹೆಸರಿನ ಚೀಟಿ ಅಂಟಿಸಿ. ಟಪಾಲಿನಲ್ಲಿ ಕಳಿಸುವುದಿಲ್ಲ. ಅತ್ತಿಗೆ ಆರನೆಯದರಲ್ಲಿದ್ದಾರೆಂದು ಅವರ ಫೋನಿನಿಂದ ತಿಳಿಯಿತು, ನಿಮಗೆ ಹೆಚ್ಚು ಸಮಯವಿಲ್ಲ. ಈ ಭಾನುವಾರವೂ ಚಾಪೆ ಹಾಸುತ್ತೇವೆ. ಸೇತುವೆ ದಾಟಿ ಬರುವ ಬೆಳಗಿನ ಬಸ್ಸಿಗೇ ಬನ್ನಿ. ಬಂದ ಮೇಲೆ ನೆಂಟನೆಂದು ನೇರ ಒಳಗೆ ನುಗ್ಗಬೇಡಿ, ಬೊಂಗ್ ಅಕ್ಕ ಬಿಡುವುದಿಲ್ಲ. ಔಷಧಿ ಅಂಗಡಿಯ ಹತ್ತಿರ ಸಾಲಿನ ಬಾಲ ಕಾಣುತ್ತದೆ. ಅಲ್ಲಿ ನಿಂತುಕೊಳ್ಳಿ.

ಹಬ್ಬದ ಚಂದಿರ ನಿಮ್ಮಿಬ್ಬರಿಗೂ ಮೋಡವಿಲ್ಲದೆ ಕಾಣಲಿ.

ಪಿಲ್‌ಜಾಳ ಅಂಗಡಿಯಿಂದ,
ನಿಮ್ಮ ಜೊಂಗ್‌ಸಿಕ್