ನಿಜವಾದ ಅಂದಾಜು

ಚೈತೂ, ನಿನ್ನ ವಿಳಾಸ ಯಾರ ಹತ್ತಿರವೂ ಇಲ್ಲ, ಆದರೂ ಬರೆಯುತ್ತಿದ್ದೇನೆ. ಮದುವೆಯಾಗಿ ಆರು ವಾರವಾಯಿತು, ಕಾಲು ಇನ್ನೂ ನೆಲದ ಮೇಲೆ ನಿಲ್ಲುತ್ತಿಲ್ಲ ಕಣೇ. ನಿಶಾಂತ್ ಅಷ್ಟು ಒಳ್ಳೆಯವನು.

ಯಾವ ಮಕ್ಕಳು ಶಾಲೆ ಬಿಡಬಹುದೆಂದು ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿರುವ ನಮ್ಮ ಆಫೀಸಿನ ಕಂಪ್ಯೂಟರ್ ಮಾಡೆಲ್ ಅಕ್ಟೋಬರಿನಲ್ಲೇ ಅಂದಾಜಿಸಿತ್ತು. ಶಾಲೆಗೆ ಮೊದಲೇ ತಿಳಿಸಿದರೆ ಅಂದಾಜು ಎಷ್ಟು ಸರಿಯೆಂದು ನೋಡುವ ಅಧ್ಯಯನವೇ ಕೆಡುತ್ತದೆಂದು ಪಟ್ಟಿಯನ್ನು ಮುಚ್ಚಿಟ್ಟೆವು. ನಮಗೂ ಹೆಸರುಗಳಿಲ್ಲ, ಬರೀ ನಂಬರು. ನಾನು ವಾರವಾರ ಹಾಜರಿ ನೋಡುತ್ತಿದ್ದ 4417 ನಂಬರಿನ ಹುಡುಗಿ ಶಾಲೆ ಬಿಟ್ಟಳೆಂದು ಇವತ್ತು ತಿಳಿಯಿತು.

"ಪ್ರಿಡಿಕ್ಷನ್ ಕರೆಕ್ಟಾಯ್ತಲ್ಲ, ಸೆಲೆಬ್ರೇಟ್ ಮಾಡೋಣ" ಎಂದ ನಿಶಾಂತ್.

"ಗೊತ್ತಿದ್ದೂ ಸುಮ್ನಿದ್ವಿ ಕಣೋ."

"ನೀನೇನ್ ಮಾಡಕ್ಕಾಗ್ತಿತ್ತು?"

ಎದ್ದು ಬಂದು ನಿನಗೆ ಈ ಕಾಗದ ಬರೆಯಲು ಕೂತೆ, ಚೈತೂ. ನೀನು ಶಾಲೆ ಬಿಡುವ ಮೊದಲು, ಒಂಬತ್ತನೇ ಕ್ಲಾಸಿನಲ್ಲಿ, ನೀನು ಬರದ ದಿನಗಳಲ್ಲೆಲ್ಲ ನಿನಗೆ ಜ್ವರವೆಂದು ಟೀಚರಿಗೆ ಹೇಳುತ್ತಿದ್ದವಳು ನಾನೇ.